ಕಾಜಕ್ಕ ಕೇಳಿ ಓದಿದ್ದು

ನನ್ನ ಅಂಗಡಿಯ ಕೋಟುಗಳ ಬಗ್ಗೆ ನಾನು ಗಿರಾಕಿಗಳಿಗೆ ಹೇಳುವ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವೇ ಇರುತ್ತದೆ. ಬಟ್ಟೆ ದೂರದಿಂದ ಬಂದದ್ದು ಎನ್ನುತ್ತೇನೆ. ಎಷ್ಟು ದೂರ ಎಂದು ಅವರು ಕೇಳುವುದಿಲ್ಲ, ಎರಡು ಬೀದಿಯಾಚೆಯಿಂದ ಎಂದು ನಾನೂ ಹೇಳುವುದಿಲ್ಲ. ಆದರೆ ಕಾಜಾದ ವಿಷಯದಲ್ಲಿ ಮಾತ್ರ ಸುಳ್ಳಿನ ಅಗತ್ಯ ಇದುವರೆಗೆ ಬಂದಿಲ್ಲ. ಗುಂಡಿ ತೂರಿಸುವ ಸೀಳು ಬಿಚ್ಚಿಕೊಳ್ಳದಂತೆ ಅದರ ಅಂಚಿಗೆ ಒತ್ತೊತ್ತಾಗಿ ದಾರ ಹೆಣೆಯುತ್ತಾರಲ್ಲ, ಅದಕ್ಕೆ ನಮ್ಮ ಕಸುಬಿನಲ್ಲಿ ಕಾಜಾ ಎನ್ನುತ್ತಾರೆ. ಮಿಷಿನ್ ಹಾಕಿದ ಕಾಜಾ ಎರಡು ವರ್ಷಕ್ಕೆ ಮೀಸೆ ಬಿಡುತ್ತದೆ. ನಮ್ಮ ಹಿಂದಿನ ಕೋಣೆಯಲ್ಲಿ ಕೂತು ಒಬ್ಬ ಹೆಂಗಸು ಕೈಯಲ್ಲಿ ಹಾಕಿದ್ದು ಕೋಟು ಹರಿದ ಮೇಲೂ ಹಾಗೇ ಇರುತ್ತದೆ. ಅದಕ್ಕೇ ಅವಳಿಗೆ ಕಾಜಕ್ಕ ಎಂದು ಹೆಸರು ಬಿತ್ತು. ಹೆಸರಿಟ್ಟವನು ನಮ್ಮ ಕಟಿಂಗ್ ಮಾಸ್ಟರ್. ತನಗಿಂತ ಹತ್ತು ವರ್ಷ ಚಿಕ್ಕವಳನ್ನು ಅಕ್ಕ ಎಂದು ಕರೆದು ತನ್ನ ವಯಸ್ಸು ಇಳಿಸಿಕೊಳ್ಳುವುದು ಅವನ ಉಪಾಯ.

ಹಿಂದಿನ ಕೋಣೆ ದೊಡ್ಡದೇನಲ್ಲ. ಬಟ್ಟೆ ಕತ್ತರಿಸುವ ಉದ್ದದ ಮೇಜು, ಎತ್ತರದಲ್ಲೊಂದು ಕಿಟಕಿ, ಬೆಳಕು ಬೀಳುವ ಕಡೆ ಒಂದು ಬೆಂಚು. ಬೆಂಚಿನ ಮೇಲೆ ಮೂವರು ಹೆಂಗಸರು, ಕಿಟಕಿಗೆ ಹತ್ತಿರ ಕಾಜಕ್ಕ. ಆ ಕೋಣೆಗೂ ನನ್ನ ಗಲ್ಲಾಕ್ಕೂ ನಡುವೆ ಒಂದು ದಪ್ಪ ಪರದೆ. ಅವಳು ಅಲ್ಲಿ ಕೂರತೊಡಗಿ ಆರು ವರ್ಷವಾಯಿತು. ಶಾಲೆಗೆ ಹೋಗಿದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರ ಒಂಟಿಯಾಗಿ ಸಿಕ್ಕರೆ ಹಿಡಿಯುತ್ತಾಳೆ, ಗುಂಪಾಗಿ ಬಂದರೆ ದಾರಿ ಬಿಟ್ಟುಕೊಡುತ್ತಾಳೆ. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಅಷ್ಟಕ್ಕೇ ಅವಳ ಓದು ಮುಗಿಯಿತು ಎಂದು ಎಲ್ಲರ ಹಾಗೆ ನಾನೂ ತಿಳಿದಿದ್ದೆ.

ನಮ್ಮಲ್ಲಿಗೆ ಬರುವುದಕ್ಕೆ ಒಂದು ವರ್ಷ ಮುಂಚೆ ಅವಳ ಒಬ್ಬಳೇ ಮಗಳು, ಒಂಬತ್ತು ವರ್ಷದವಳು, ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ಇದನ್ನು ಅವಳು ಹೇಳಿದ್ದಲ್ಲ. ಕೆಲಸಕ್ಕೆ ಸೇರಿಸಲು ಬಂದ ಅವಳ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿ, "ಆ ಮಾತೊಂದು ಎತ್ಬೇಡಿ" ಎಂದು ಎಚ್ಚರಿಸಿ ಹೋಗಿದ್ದಳು. ನಾನು ಮಾಸ್ಟರ್‌ಗೆ ಹೇಳಿದೆ, ಅವನು ಬೆಂಚಿನವರಿಗೆ ಹೇಳಿದ. ಅಂದಿನಿಂದ ಆ ಕೋಣೆಯಲ್ಲಿ ಯಾರ ಮಗುವಿಗೂ ಜ್ವರ ಬರಲಿಲ್ಲ, ಯಾರ ಮಗಳಿಗೂ ಒಂಬತ್ತು ತುಂಬಲಿಲ್ಲ. ಅವಳ ಗಂಡ ಲಾರಿ ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಇದ್ದ ಮೂರು ದಿನವೂ ಆ ಮಾತು ಎತ್ತುವುದಿಲ್ಲ ಎಂದು ಆಮೇಲೆ ತಿಳಿಯಿತು.

ಓದಿನ ಕಥೆ ಶುರುವಾಗಿದ್ದು ಒಂದು ಹಳೇ ಕೋಟಿನಿಂದ. ಛಾಪಖಾನೆಯಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದ ಮುದುಕರೊಬ್ಬರು ನಮ್ಮ ಬೀದಿಯ ಕೊನೆಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದಾರೆ. ಬೀದಿಗೆಲ್ಲ ಅವರು ಪ್ರೂಫಜ್ಜ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ನಮ್ಮ ಅಂಗಡಿಯ ಬೋರ್ಡಿನಲ್ಲಿ ಎರಡು ತಪ್ಪು ಇದೆ ಎಂದು ವರ್ಷಕ್ಕೊಮ್ಮೆ ನೆನಪಿಸುತ್ತಿದ್ದರು. ತಿದ್ದಿಸಿದರೆ ಅವರು ಬರುವುದು ನಿಂತೀತು ಎಂದು ನಾನು ಹಾಗೇ ಬಿಟ್ಟಿದ್ದೆ. ಒಂದು ದಿನ ಮಧ್ಯಾಹ್ನ ಕೋಟಿನ ಮೂರು ಕಾಜಾ ಹೊಸದಾಗಿ ಹಾಕಿಸಲು ಬಂದು, ಒಳಗೆ ಸ್ಟೂಲಿನ ಮೇಲೆ ಕೂತು ಜೇಬಿನಿಂದ ಪುಸ್ತಕ ತೆಗೆದರು. ತುಟಿ ಅಲ್ಲಾಡಿಸಿಕೊಂಡು ಓದುವುದು ಅವರ ಅಭ್ಯಾಸ.

ಕಾಜಕ್ಕ ಸ್ವಲ್ಪ ಹೊತ್ತು ನೋಡಿದಳು. "ಒಬ್ರೇ ಬಾಯಲ್ಲಿ ಹಾಕ್ಕೊಂಡು ಅಗೀತಿದೀರಲ್ಲ ಅಜ್ಜ, ನಮಗೂ ಸ್ವಲ್ಪ ಕೊಡಿ" ಎಂದಳು.

ಅಜ್ಜ ಗಟ್ಟಿಯಾಗಿ ಓದಿದರು. ಛಾಪಖಾನೆಯ ರೂಢಿಯಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಸೇರಿಸಿ ಓದಿದರು. ಬೆಂಚಿನವರು ನಕ್ಕರು. ಕಾಜಕ್ಕ ನಗಲಿಲ್ಲ, ಸೂಜಿ ನಿಧಾನ ಮಾಡಿದಳು. ಮುಕ್ಕಾಲು ಗಂಟೆಯ ಕೆಲಸ, ಮೂರು ಕಾಜಾ, ಅವಳಿಗೆ ಮೂರು ದಿನ ಹಿಡಿಯಿತು. ನಾಲ್ಕನೇ ದಿನ ತೋಳಿನ ಗುಂಡಿ ಸಡಿಲವಾಗಿರುವುದು ಕಂಡಿತು. ಐದನೇ ದಿನ ಒಳಜೇಬಿನ ಹೊಲಿಗೆ ಯಾಕೋ ಸರಿ ಕಾಣಲಿಲ್ಲ. ಆರನೇ ದಿನ ನಾನು ಪರದೆ ಸರಿಸಿ, "ಆ ಕೋಟು ಇನ್ನು ಎರಡು ದಿನ ಇಲ್ಲೇ ಇದ್ರೆ ಹೊಸದೇ ಆಗ್ಬಿಡುತ್ತೆ, ಅಜ್ಜನ ಕೈಯಿಂದ ನಾನೇ ಕೊಂಡ್ಕೋಬೇಕಾಗುತ್ತೆ" ಎಂದೆ.

ಕಾಜಕ್ಕ ತಲೆ ಎತ್ತಲಿಲ್ಲ. "ದಿನಾ ಕಾಲು ಗಂಟೆ ಕೊಡಿ ಅಣ್ಣ. ಎರಡು ಗಂಟೆಗೆ ಹೇಗಿದ್ರೂ ಎಲ್ಲಾ ತೂಕಡಿಸ್ತಾರೆ. ಮಾಸ್ಟರ್ ಅಂತೂ ಕತ್ತರಿ ಹಿಡ್ಕೊಂಡೇ ನಿದ್ದೆ ಹೋಗ್ತಾರೆ."

"ಧ್ಯಾನ ಮಾಡ್ತೀನಿ" ಎಂದ ಮಾಸ್ಟರ್.

ನಾನು ವ್ಯಾಪಾರಸ್ಥ. ಯಾರಿಗೂ ಏನನ್ನೂ ಸುಮ್ಮನೆ ಕೊಟ್ಟವನಲ್ಲ. ಒಂದು ತಿಂಗಳು ನೋಡೋಣ, ಕೆಲಸ ಕೆಟ್ಟರೆ ನಿಲ್ಲಿಸೋಣ ಎಂದೆ. ಕೆಲಸ ಕೆಡಲಿಲ್ಲ. ಆ ಕಾಲು ಗಂಟೆಯಲ್ಲಿ ಹಾಕಿದ ಕಾಜಾಗಳನ್ನು ನಾನು ಮುಂಬಾಗಿಲ ಬೆಳಕಿಗೆ ಹಿಡಿದು ನೋಡಿದ್ದೇನೆ. ಅವುಗಳ ದಾರದಲ್ಲಿ ಒಂದು ಸಮಾಧಾನ ಇತ್ತು. ಹಾಗೆ ನಡೆದುಬಂದಿತು, ಮೂರು ವರ್ಷ.

ಅಜ್ಜ ಮೊದಮೊದಲು ಸಣ್ಣ ಕಥೆ ತಂದರು. ಆಮೇಲೆ ಹಳಗಾಲದ ಕಾವ್ಯದ ತುಂಡುಗಳು, ಹಳೆಯ ನಾಟಕ. ಅರ್ಥವಾಗದ ಕಡೆ ಬಿಡಿಸಿ ಹೇಳುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು: ನೆನ್ನೆ ಎಲ್ಲಿಗೆ ನಿಂತಿತ್ತು ಎಂದು ಯಾರಾದರೂ ಹೇಳದೆ ಪುಸ್ತಕ ತೆರೆಯುವುದಿಲ್ಲ. ಮೊದಲು ಪಾಳಿಯ ಮೇಲೆ ಹೇಳುತ್ತಿದ್ದರು. ಮಾಸ್ಟರ್ ಪಾಳಿ ಬಂದಾಗಲೆಲ್ಲ ಕಥೆಯಲ್ಲಿ ಹೊಸ ಪಾತ್ರಗಳು ಹುಟ್ಟುತ್ತಿದ್ದುದರಿಂದ ಆ ಕೆಲಸ ಪೂರ್ತಿ ಕಾಜಕ್ಕನ ಕೈಗೆ ಬಂತು. ಅವಳು ಒಂದು ಎಳೆ ಬಿಡದೆ ಹೇಳುತ್ತಿದ್ದಳು. ದಿನಕ್ಕೆ ಎರಡು ನಿಮಿಷ. ಬರಬರುತ್ತಾ ಆ ಎರಡು ನಿಮಿಷಕ್ಕೆ ಅಜ್ಜನೇ ಕಣ್ಣು ಮುಚ್ಚಿಕೊಂಡು ಕೂರತೊಡಗಿದರು.

ಅಕ್ಷರ ಕಲಿಸುತ್ತೇನೆ ಬಾ ಎಂದೂ ಅವರು ಕರೆದಿದ್ದರು. "ಪುಸ್ತಕ ಹಿಡಿಯೋಕೆ ಕೈ ಖಾಲಿ ಇರ್ಬೇಕಲ್ಲ ಅಜ್ಜ? ಕಿವಿ ಖಾಲಿ ಇದೆ, ಅದಕ್ಕೇ ತುಂಬಿ" ಎಂದಳು.

ತುಂಬಿದ್ದು ಹೊರಗೂ ಬಂತು. ಹೆಣಿಗೆ ಸಡಿಲವಾದ ಕಾಜಾ ಕಂಡರೆ "ಇದಕ್ಕೆ ವೈರಾಗ್ಯ ಬಂದಿದೆ" ಎನ್ನುವಳು. ಗಂಟುಗಂಟಾದ ದಾರದ ಉಂಡೆಗೆ "ಒಳಸಂಚು ನಡೀತಿದೆ ಇದರಲ್ಲಿ" ಎನ್ನುವಳು. ಒಮ್ಮೆ ಬಟ್ಟೆ ಸರಬರಾಜಿನವನು ಬಣ್ಣ ಬಿಡುವ ಮಾಲು ತಂದು ಆಣೆ ಇಡುತ್ತಾ ನಿಂತಿದ್ದ. ಕಾಜಕ್ಕ ಪರದೆಯ ಆಚೆಯಿಂದಲೇ, "ಆ ನಾಟಕದ ಮಂತ್ರೀನೂ ಹೀಗೇ ಮೂರು ಸಲ ಆಣೆ ಇಟ್ಟ ಅಣ್ಣ, ನಾಲ್ಕನೇ ಅಂಕದಲ್ಲಿ ಸಿಕ್ಕಿಬಿದ್ದ" ಎಂದಳು. ಆ ಮಾಲು ನಾನು ತಗೊಳ್ಳಲಿಲ್ಲ. ಸಾಹಿತ್ಯದಿಂದ ನನಗಾದ ಮೊದಲ ಲಾಭ ಅದು.

ಎರಡನೇದನ್ನು ಹೇಳಿಕೊಳ್ಳಲು ಸಂಕೋಚ. ಎರಡು ಗಂಟೆಯ ಹೊತ್ತಿಗೆ ನಾನು ಸ್ಟೂಲನ್ನು ಪರದೆಯ ಪಕ್ಕಕ್ಕೆ ಸರಿಸಿಕೊಳ್ಳತೊಡಗಿದ್ದೆ. ಆ ಹೊತ್ತಿಗೆ ಬಂದ ಗಿರಾಕಿಗೆ ಪಿಸುಮಾತಿನಲ್ಲಿ ಬೆಲೆ ಹೇಳುತ್ತಿದ್ದೆ. ಗುಟ್ಟಿನ ಬೆಲೆ ಎಂದುಕೊಂಡು ಅವರು ಚೌಕಾಸಿ ಮಾಡದೆ ಕೊಂಡುಹೋಗುತ್ತಿದ್ದರು.

ಹೋದ ವರ್ಷ ಅಜ್ಜ ದೊಡ್ಡ ಪುಸ್ತಕಕ್ಕೆ ಕೈ ಹಾಕಿದರು. ಮೂರು ಸಂಪುಟದ ಹಳೇ ಕಾದಂಬರಿ, ನದಿ ದಾಟಿಸುವ ದೋಣಿಯವರ ಮನೆಯೊಂದರ ಕಥೆ. "ಇದರಲ್ಲಿ ವರ್ಣನೆ ಜಾಸ್ತಿ, ಅಲ್ಲಲ್ಲಿ ಹಾರಿಸ್ಕೊಂಡು ಓದ್ತೀನಿ" ಎಂದರು.

"ಬೇಡ ಅಜ್ಜ" ಎಂದಳು ಕಾಜಕ್ಕ. "ಒಂದು ಮಾತೂ ಬಿಡಬಾರದು. ಅರ್ಥ ಆಗ್ದೇ ಇದ್ದಿದ್ದನ್ನ ಹಾಗೇ ಇಟ್ಕೊಂಡಿರ್ತೀನಿ. ಯಾವತ್ತೋ ಆಗುತ್ತೆ. ನನಗೆ ಇಡೀ ಪುಸ್ತಕ ಬೇಕು."

ಅಷ್ಟು ಗಟ್ಟಿಯಾಗಿ ಅವಳು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಸಂಬಳವನ್ನೂ ಹಾಗೆ ಕೇಳಿದವಳಲ್ಲ, ನನ್ನ ಪುಣ್ಯ.

ಆ ಕಥೆಯಲ್ಲಿ ದೋಣಿಯವನಿಗೆ ಒಬ್ಬ ಹೆಂಡತಿ, ಇಬ್ಬರು ಗಂಡುಮಕ್ಕಳು, ನಡುವೆ ಒಬ್ಬಳು ಹುಡುಗಿ. ಸಂಜೆಯಾದರೆ ತಾಯಿ ಒಳಗಿನಿಂದ "ಲಾಟೀನು ಹಚ್ಚೇ" ಎಂದು ಕೂಗುತ್ತಾಳೆ. ಹುಡುಗಿ ಓಡಿಹೋಗಿ ದಡದ ಕಂಬಕ್ಕೆ ಲಾಟೀನು ತೂಗುಹಾಕಿ ಬರುತ್ತಾಳೆ. ಅಧ್ಯಾಯಕ್ಕೊಮ್ಮೆಯಾದರೂ ಇದು ಬರುತ್ತಿತ್ತು. ಬಂದಾಗಲೆಲ್ಲ ಕಾಜಕ್ಕನ ಮುಖ ಸಡಿಲಾಗುತ್ತಿತ್ತು ಎಂದು ಮಾಸ್ಟರ್ ಹೇಳುತ್ತಿದ್ದ. ನನಗೆ ಪರದೆ ಅಡ್ಡ.

ತಪ್ಪು ಮಾಡಿದವನು ನಾನು. ಎರಡನೇ ಸಂಪುಟದ ಅರ್ಧಕ್ಕೆ ಬಂದಾಗ ನನಗೆ ತಾಳ್ಮೆ ಕೆಟ್ಟಿತು. ದಿನಕ್ಕೆ ಕಾಲು ಗಂಟೆ ಎಂದರೆ ಚಿಲ್ಲರೆ ವ್ಯಾಪಾರ, ನನ್ನದು ಸಗಟು ಸ್ವಭಾವ. ಪುಸ್ತಕಕ್ಕೆ ರಟ್ಟು ಹಾಕಿಸಿ ಕೊಡುತ್ತೇನೆ ಎಂದು ನೆಪ ಹೇಳಿ ಶನಿವಾರ ಮನೆಗೆ ತಂದೆ. ಭಾನುವಾರ ಊಟಕ್ಕೂ ಏಳದೆ ಓದಿದೆ. "ಪುಸ್ತಕ ತಿಂದು ಹೊಟ್ಟೆ ತುಂಬಿದ್ರೆ ಹೇಳಿ, ಅಡುಗೆ ತೆಗೆದಿಡ್ತೀನಿ" ಎಂದಳು ನನ್ನ ಹೆಂಡತಿ. ಮೂವತ್ತೆರಡನೇ ಅಧ್ಯಾಯ ಮುಗಿದಾಗ, ತೆಗೆದಿಡು ಎಂದೆ. ಅದರಲ್ಲಿ ಲಾಟೀನಿನ ಹುಡುಗಿಗೆ ಜ್ವರ ಬರುತ್ತದೆ. ಆ ಅಧ್ಯಾಯದ ಕೊನೆಗೆ ಅವಳಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅಜ್ಜನ ಕೋಣೆಗೆ ಹೋದೆ.

"ಮೂವತ್ತೆರಡು ಬೇಡ ಅಜ್ಜ. ಮೂವತ್ತೊಂದು ಮುಗಿದ ಮೇಲೆ ಮೂವತ್ಮೂರು ಓದಿ."

ಅಜ್ಜ ಹಲ್ಲುಜ್ಜುತ್ತಿದ್ದವರು ನಿಲ್ಲಿಸಿದರು. "ನಲವತ್ತು ವರ್ಷ ಒಂದು ಚುಕ್ಕೆ ಬಿಟ್ಟವನಲ್ಲ ಸಾಹುಕಾರ್ರೇ ನಾನು. ಅಧ್ಯಾಯ ಬಿಡು ಅಂತೀರಾ?"

"ಬಿಡೋದಲ್ಲ, ಮುಂದಕ್ಕೆ ಹಾಕೋದು. ಇಪ್ಪತ್ತು ಕೋಟಿನ ಆರ್ಡರ್ ಇದೆ. ಅವಳು ಅತ್ತುಕೊಂಡು ಕೂತ್ರೆ ಒಳಗಿನ ರೇಷ್ಮೆ ಅಸ್ತರಿನ ಮೇಲೆ ಕಲೆ ಬೀಳುತ್ತೆ."

"ಅಸ್ತರಿನ ಚಿಂತೆ ನಿಮಗೆ?"

"ಮತ್ತಿನ್ನೇನು?" ಎಂದೆ. ಅಜ್ಜ ನನ್ನ ಮುಖವನ್ನು ಕರಡು ಪ್ರತಿಯ ಹಾಗೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಾಯಿ ಮುಕ್ಕಳಿಸಿ, "ಹೇಗೆ ಓದ್ಲಿ ಅದನ್ನ ಅವಳ ಮುಂದೆ, ಅಂತ ನಾನೂ ಒಂದು ವಾರದಿಂದ ಯೋಚಿಸ್ತಿದ್ದೆ" ಎಂದರು.

ಗುರುವಾರ ಮೂವತ್ತೊಂದು ಮುಗಿಯಿತು. ಶುಕ್ರವಾರ ಅಜ್ಜ ಮೂವತ್ಮೂರು ಓದಿದರು. ಎರಡು ಸಲ ನಿಲ್ಲಿಸಿ ನೀರು ಕೇಳಿದರು. ಕಾಜಕ್ಕ ಏನೂ ಕೇಳಲಿಲ್ಲ. ಪರದೆಯ ಈಚೆ ನಾನು ವ್ಯಾಪಾರ ಕುದುರಿತು ಎಂದುಕೊಂಡೆ.

ಶನಿವಾರ ಎರಡು ಗಂಟೆಗೆ ಅಜ್ಜ ಎಂದಿನಂತೆ ಕೇಳಿದರು: "ನೆನ್ನೆ ಎಲ್ಲಿಗೆ ನಿಂತಿತ್ತು?"

"ನೀವು ನಿಲ್ಲಿಸಿದ್ದು ಎಲ್ಲಿಗೆ ಅಂತ ಹೇಳ್ತೀನಿ" ಎಂದಳು ಕಾಜಕ್ಕ. "ಕಥೆ ನಿಂತಿರೋದು ಬೇರೆ ಕಡೆ."

ಅಜ್ಜ ತೆರೆಯಹೊರಟ ಪುಸ್ತಕವನ್ನು ಮತ್ತೆ ಮುಚ್ಚಿದರು.

"ಗುರುವಾರ ಲಾಟೀನು ಹಚ್ಚಿದ್ದು ಹುಡುಗಿ. ನೆನ್ನೆ ತಾಯಿ ತಾನೇ ಹೋಗಿ ಹಚ್ಚಿದಳು. ಯಾರನ್ನೂ ಕೂಗ್ಲಿಲ್ಲ. ಇಷ್ಟು ದಿನದಲ್ಲಿ ಒಂದು ಸಲಾನೂ ಅವಳು ಕೂಗದೆ ಇದ್ದಿದ್ದಿಲ್ಲ. ಗಂಡನೂ ಯಾಕೆ ಅಂತ ಕೇಳ್ಲಿಲ್ಲ. ಅಂದ್ರೆ ಅವನಿಗೆ ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ."

"ಅಯ್ಯೋ, ಹುಡುಗಿ ಸೋದರಮಾವನ ಮನೆಗೆ ಹೋಗಿರ್ಬೇಕು ಬಿಡು ಕಾಜಕ್ಕ" ಎಂದ ಮಾಸ್ಟರ್.

"ನೀವು ಸುಮ್ನಿರಿ, ಆ ಹುಡುಗಿಗೆ ಸೋದರಮಾವನೇ ಇಲ್ಲ. ಮತ್ತೆ ಅಜ್ಜ, ಕಾಲು ಗಂಟೆಗೆ ನೀವು ಐದು ಸಲ ಹಾಳೆ ತಿರುಗಿಸ್ತೀರಿ. ನೆನ್ನೆ ಓದೋಕೆ ಮುಂಚೆ ಒಂದು ಕಟ್ಟು ಹಾಳೆ ಒಟ್ಟಿಗೆ ಮಗುಚಿದ ಸದ್ದು ಬಂತು. ಸಾಲಲ್ಲಿ ಒಂದು ಕಾಜಾ ತಪ್ಪಿಹೋದ್ರೆ ನನಗೆ ಮುಟ್ಟಿದ್ರೇ ಗೊತ್ತಾಗುತ್ತೆ. ಇದು ಗೊತ್ತಾಗಲ್ವಾ?"

ಅಜ್ಜನ ಮೇಲೆ ಬೀಳುವುದು ನ್ಯಾಯವಲ್ಲ ಎನ್ನಿಸಿತು. ಪರದೆ ಸರಿಸಿ ಒಳಗೆ ಹೋದೆ. "ನಾನೇ ಬೇಡ ಅಂದಿದ್ದು" ಎಂದೆ.

ಕಾಜಕ್ಕ ನನ್ನನ್ನು ನೋಡಿದಳು. "ನೀವು ಮುಂದಕ್ಕೆ ಓದ್ಬಿಟ್ರಾ ಅಣ್ಣ? ನಮ್ಮನ್ನೆಲ್ಲಾ ಬಿಟ್ಟು?"

ಇಪ್ಪತ್ತೈದು ವರ್ಷ ಗಿರಾಕಿಗಳನ್ನು ಮಾತಲ್ಲಿ ಹಿಡಿದವನು ತಲೆ ಕೆರೆದುಕೊಂಡು ನಿಂತೆ.

"ಆ ಮಗು ಹೋಯ್ತಾ?"

ತಲೆಯಾಡಿಸಿದೆ.

"ಏನಾಗಿತ್ತು?"

"ಜ್ವರ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ಅಳುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳಿಗೆ ಬಂದಿದ್ದು ಸಿಟ್ಟು.

"ಏಳು ವರ್ಷ ಆಯ್ತು. ನನ್ನ ಕಂಡ್ರೆ ಜನ ಮಾತು ಬದಲಾಯಿಸ್ತಾರೆ. ಅವಳ ಜೊತೆ ಆಡ್ತಿದ್ದ ಹುಡುಗೀರ ತಾಯಂದಿರು ನನ್ನ ಕಂಡ್ರೆ ಆಚೆ ಬೀದಿಗೆ ತಿರುಗ್ತಾರೆ. ಇಲ್ಲೂ ಅಷ್ಟೆ. ಈ ಬೆಂಚಿನ ಮೇಲೆ ಕೂತ ಇವರ ಮಕ್ಕಳಿಗೆ ಈಗ ಎಷ್ಟು ವಯಸ್ಸು ಅಂತ ನನಗೆ ಗೊತ್ತಿಲ್ಲ ಅಣ್ಣ, ಯಾರೂ ಹೇಳಲ್ಲ. ನನ್ನ ಮುಖ ನೋಡಿ ಮಾತು ಬದಲಾಯಿಸ್ದೇ ಇದ್ದಿದ್ದು ಅಂದ್ರೆ ಆ ಪುಸ್ತಕ ಒಂದೇ. ಅದಕ್ಕೂ ಕಲಿಸ್ಕೊಟ್ರಲ್ಲ ನೀವು."

ಬೆಂಚಿನ ಮೇಲಿದ್ದ ಇನ್ನಿಬ್ಬರು ತಮ್ಮ ಮಡಿಲಿನ ಬಟ್ಟೆಯನ್ನೇ ನೋಡುತ್ತಿದ್ದರು. ಮಾಸ್ಟರ್ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ.

"ಓದಿ ಅಜ್ಜ" ಎಂದಳು ಅವಳು. "ಬಿಟ್ಟಿದ್ದನ್ನ ಓದಿ. ಪೂರ್ತಿ."

ನಾನು ಹೊರಗೆ ಹೋಗಿ ಅಂಗಡಿಯ ಶಟರ್ ಅರ್ಧಕ್ಕೆ ಎಳೆದೆ. ಹಗಲು ಹೊತ್ತಿನಲ್ಲಿ ಅದು ಕೆಳಗಿಳಿದದ್ದು ಅದೇ ಮೊದಲು. ಎದುರಿನ ಚಪ್ಪಲಿ ಅಂಗಡಿಯವನು ಯಾರು ತೀರಿಕೊಂಡರು ಎಂದು ಕೈಸನ್ನೆಯಲ್ಲೇ ಕೇಳಿದ. ನಾನು ಒಳಗೆ ಬಂದು ಮೇಜಿನ ಅಂಚಿಗೆ ಒರಗಿ ನಿಂತೆ.

ಅಜ್ಜ ಓದಿದರು. ಕಾಲು ಗಂಟೆ ಮುಗಿಯಿತು, ಅಧ್ಯಾಯ ಮುಗಿಯಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಕಾಜಕ್ಕ ಮತ್ತೆ ಸೂಜಿ ಕೈಗೆತ್ತಿಕೊಂಡಿದ್ದಳು. ಕಥೆಯ ಜ್ವರದ ಮೊದಲ ದಿನ ಓದುವಾಗ ಅವಳ ಕೈ ನಡೆಯುತ್ತಲೇ ಇತ್ತು. ಎರಡನೇ ದಿನವೂ ನಡೆಯಿತು. ಮೂರನೇ ದಿನ ಹುಡುಗಿ "ಲಾಟೀನು ಹಚ್ಚೋಕೆ ಹೊತ್ತಾಯ್ತಾ?" ಎಂದು ಕೇಳುವ ಕಡೆ ಸೂಜಿ ಅರ್ಧಕ್ಕೆ ನಿಂತಿತು. ಅಲ್ಲಿಂದ ಕೊನೆಯವರೆಗೆ ಅವಳು ಕಿಟಕಿಯ ಬೆಳಕನ್ನು ನೋಡುತ್ತಾ ಕೂತಿದ್ದಳು. ಅತ್ತವನು ಮಾಸ್ಟರ್. ಅಸ್ತರಿಗೆಂದು ತೆಗೆದಿಟ್ಟಿದ್ದ ಬಟ್ಟೆಯಲ್ಲೇ ಮೂಗು ಒರೆಸಿಕೊಂಡ. ನಾನು ನೋಡಿಯೂ ನೋಡದವನ ಹಾಗೆ ಇದ್ದೆ.

ಓದಿ ಮುಗಿಸಿದ ಅಜ್ಜ ಪುಸ್ತಕ ಮಡಚದೆ ತೊಡೆಯ ಮೇಲಿಟ್ಟುಕೊಂಡರು. ಕಾಜಕ್ಕ ಕಿಟಕಿಯಿಂದ ಅವರ ಕಡೆ ತಿರುಗಿದಳು.

"ಒಂದು ಕಡೆ ಸರಿಯಾಗಿ ಬರೆದಿಲ್ಲ ಅಜ್ಜ ಅವನು."

"ಎಲ್ಲಿ?"

"ತಾಯಿ ಎದೆ ಬಡ್ಕೊಂಡು ಬಿದ್ದುಬಿಟ್ಟಳು ಅಂತ ಇದೆಯಲ್ಲ, ಅಲ್ಲಿ. ಬೀಳಲ್ಲ. ಬೀಳೋದು ಆಮೇಲೆ, ಎಷ್ಟೋ ದಿನ ಆದ ಮೇಲೆ. ಆ ದಿನ ಬೀಳಲ್ಲ. ಅವತ್ತು ನಾನು ಅವಳ ಸ್ಕೂಲ್ ಅಂಗಿ ತಗೊಂಡು ಕೂತೆ. ಮೇಲಿನ ಗುಂಡಿ ಸಡಿಲ ಆಗಿತ್ತು, ಹಿಂದಿನ ವಾರದಿಂದ ಹೇಳ್ತಾ ಇದ್ದಳು, ಅಮ್ಮಾ ಹಾಕಿಕೊಡು ಅಂತ. ಮನೆ ತುಂಬಾ ಜನ. ನಾನು ಮೂಲೇಲಿ ಕೂತು ಗುಂಡಿ ಹೊಲಿದೆ. ಗಟ್ಟಿಯಾಗಿ, ನಾಲ್ಕು ಸುತ್ತು."

ಅವಳ ಬೆರಳು ಮಡಿಲಿನ ಕೋಟಿನ ಗುಂಡಿಯೊಂದನ್ನು ತಿರುವುತ್ತಿತ್ತು.

"ಆದ್ರೆ ಲಾಟೀನು ಸರಿಯಾಗಿ ಬರೆದಿದಾನೆ. ಯಾರನ್ನೂ ಕೂಗದೆ ತಾನೇ ಹೋಗಿ ಹಚ್ಚೋದು. ಅದು ಗೊತ್ತಿತ್ತು ಅವನಿಗೆ. ಅದು ಹೇಗೆ ಗೊತ್ತಾಯ್ತೋ."

ಅಜ್ಜ ಕಿವಿಯ ಮೇಲಿನ ಪೆನ್ಸಿಲು ತೆಗೆದರು. ತಾಯಿ ಎದೆ ಬಡಿದುಕೊಂಡು ಬೀಳುವ ಸಾಲು ಹುಡುಕಿ, ಅದರ ಪಕ್ಕದ ಖಾಲಿ ಜಾಗದಲ್ಲಿ ಒಂದು ಗುರುತು ಹಾಕಿ, ಸಣ್ಣ ಅಕ್ಷರದಲ್ಲಿ ಏನೋ ಬರೆದರು. ನೂರು ವರ್ಷದಿಂದ ದೊಡ್ಡವರೆಲ್ಲ ಹೊಗಳುತ್ತಾ ಬಂದ ಪುಸ್ತಕ ಅದು.

"ಏನು ಬರೆದ್ರಿ?" ಎಂದಳು ಕಾಜಕ್ಕ.

"ಗುಂಡಿ" ಎಂದರು ಅಜ್ಜ. "ನಾಲ್ಕು ಸುತ್ತು."

ಆಗ ಅವಳ ಪಕ್ಕದಲ್ಲಿ ಕೂತಿದ್ದ ಹೆಂಗಸು, ಆರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು, ತಗ್ಗಿದ ದನಿಯಲ್ಲಿ ಕೇಳಿದಳು: "ಅವಳು ಹೇಗಿದ್ಲು ಅಕ್ಕ? ನಿಮ್ಮ ಮಗಳು?"

"ಮಾತುಗಾತಿ" ಎಂದಳು ಕಾಜಕ್ಕ. "ಒಂದು ಬಾಯಿ ಅಂದ್ರೆ ಬಾಯಿ. ನಮ್ಮ ಮಾಸ್ಟರ್ ಥರ." ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅತ್ತಳು. ಅತ್ತು ಮುಗಿಸಿ ಹೇಳುತ್ತಾ ಹೋದಳು. ಆ ದಿನ ಮತ್ತೊಂದು ಕಾಜಾ ಆಗಲಿಲ್ಲ. ಇಪ್ಪತ್ತು ಕೋಟಿನ ಗಿರಾಕಿಗೆ ನಾನು ಫೋನ್ ಮಾಡಿ ಕರೆಂಟಿಲ್ಲ ಎಂದೆ. ಕೈಹೊಲಿಗೆಗೆ ಕರೆಂಟು ಯಾಕೆ ಎಂದು ಅವನಿಗೂ ಹೊಳೆಯಲಿಲ್ಲ.

ಸೋಮವಾರ ಎರಡಕ್ಕೆ ಹತ್ತು ನಿಮಿಷ ಇರುವಾಗ ನೋಡಿದರೆ ನನ್ನ ಸ್ಟೂಲು ಜಾಗದಲ್ಲಿರಲಿಲ್ಲ. ಪರದೆ ಸರಿಸಿದೆ. ಅದು ಒಳಗೆ, ಬೆಂಚಿನ ಎದುರಿಗಿತ್ತು.

"ಕೂತ್ಕೊಳ್ಳಿ ಅಣ್ಣ" ಎಂದಳು ಕಾಜಕ್ಕ. "ಮೂರು ವರ್ಷದಿಂದ ಪರದೆಗೆ ಕಿವಿ ಕೊಟ್ಟು ಕತ್ತು ನೋಯಿಸ್ಕೊಂಡಿದೀರಿ. ನಿಮ್ಮ ಸ್ಟೂಲು ಕಿರುಗುಟ್ಟೋದು ನಮಗೆಲ್ಲಾ ಕೇಳ್ಸುತ್ತೆ."

"ಕಥೆ ಬಿಸಿಯಾದಾಗ ಜಾಸ್ತಿ ಕಿರುಗುಟ್ಟುತ್ತೆ" ಎಂದ ಮಾಸ್ಟರ್.

ಮೂರೂ ಸಂಪುಟ ಈಗ ಕಾಜಕ್ಕನ ದಾರದ ಪೆಟ್ಟಿಗೆಯಲ್ಲಿದ್ದವು. ಕೊನೆಯ ಪುಟ ಮುಗಿಯುವವರೆಗೆ ಪುಸ್ತಕ ಅಲ್ಲೇ ಇರತಕ್ಕದ್ದು, ರಟ್ಟು ಹಾಕಿಸುವ ಉಪಕಾರ ಯಾರೂ ಮಾಡತಕ್ಕದ್ದಲ್ಲ, ಬೀಗದ ಕೈ ಅವಳ ಸೊಂಟದಲ್ಲಿ. ಅಜ್ಜ ಬಂದರು, ಕೂತರು, ಕನ್ನಡಕ ಒರೆಸಿಕೊಂಡರು.

"ಎಲ್ಲಿಗೆ ನಿಂತಿತ್ತು?"

ಎಲ್ಲರೂ ಕಾಜಕ್ಕನ ಕಡೆ ನೋಡಿದರು. ಅವಳು ದಾರ ಪೋಣಿಸುತ್ತಾ ಗದ್ದದಿಂದ ನನ್ನ ಕಡೆ ತೋರಿಸಿದಳು. "ಇವತ್ತು ಅಣ್ಣ ಹೇಳ್ತಾರೆ. ಮುಂದೆ ಓದಿದೋರಿಗೆ ಹಿಂದಿಂದು ಎಷ್ಟು ನೆನಪಿದೆ ನೋಡೋಣ."

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಜ್ವರ ಬಂದ ದಿನ ಮಂಗಳವಾರ ಎಂದೆ.

"ಬುಧವಾರ" ಎಂದಳು ಕಾಜಕ್ಕ. "ಮೊದಲಿಂದ ಹೇಳಿ."